ಆಯ್ತಪ್ಪನ ಆಷಾಢ

ಲಕ್ವ ಹೊಡೆದ ಮೇಲೆ ಮುನಿಆಂಜನಪ್ಪನ ಬಾಯಲ್ಲಿ ಉಳಿದದ್ದು ಒಂದೇ ಮಾತು. ಆಯ್ತು.

ಆಸ್ಪತ್ರೆಯ ಡಾಕ್ಟರು ಹೆಸರೇನು ಅಂದರೆ ಆಯ್ತು. ಇದು ಯಾವ ತಿಂಗಳು ಅಂದರೆ ಆಯ್ತು. ಹೆಂಡತಿ ಅಣ್ಣಮ್ಮ ಮಗ್ಗುಲಲ್ಲಿ ನಿಂತು, “ನಾನ್ಯಾರು ಗೊತ್ತಾಯ್ತಾ?” ಅಂತ ಅತ್ತುಕೊಂಡು ಕೇಳಿದಾಗಲೂ ಆಯ್ತು. ತಲೆಯೊಳಗೆ ಏನೂ ಕೆಟ್ಟಿರಲಿಲ್ಲ. ಯಾರು ನೋಡಲು ಬಂದರು, ಯಾರು ಬರಲಿಲ್ಲ, ಬಂದವರು ಬಾಗಿಲಾಚೆ ಏನು ಆಡಿಕೊಂಡರು, ಎಲ್ಲ ಅವನಿಗೆ ತಿಳಿಯುತ್ತಿತ್ತು. ಹೇಳಬೇಕಾದ ಮಾತು ಗಂಟಲವರೆಗೆ ಸರಿಯಾಗೇ ಬರುತ್ತಿತ್ತು. ನಾಲಗೆ ದಾಟಿ ಹೊರಗೆ ಬೀಳುವಷ್ಟರಲ್ಲಿ ಅದು ಆಯ್ತು ಆಗಿಬಿಟ್ಟಿರುತ್ತಿತ್ತು. ಬರೆದು ತೋರಿಸೋಣವೆಂದರೆ ಬಲಗೈಯಲ್ಲಿ ಜೀವವಿಲ್ಲ. ಎಡಗೈಗೆ ಪೆನ್ನು ಕೊಟ್ಟರೆ ಅಕ್ಷರಗಳೇ ನೆನಪಿಗೆ ಬರವು. ಇನ್ನು ತಲೆ ಆಡಿಸುವುದು. ಬೇಡ ಅಂತ ಕುತ್ತಿಗೆ ತಿರುಗಿಸಲು ಹೋದರೆ ಬಲಗಡೆಗೆ ಪೂರಾ ತಿರುಗದೆ ಅರ್ಧಕ್ಕೇ ವಾಲಿ, ನೋಡಿದವರಿಗೆ ‘ಹೂಂ, ಆಗಲಿ’ ಅಂದ ಹಾಗೆ ಕಾಣುತ್ತಿತ್ತು. ನಮ್ಮ ಜನ ಹೂಂ ಅನ್ನುವುದಕ್ಕೂ ತಲೆಯನ್ನು ಅತ್ತಿತ್ತ ಅಲ್ಲಾಡಿಸುತ್ತಾರಲ್ಲ, ಅದರ ಫಲ ಅವನು ಉಣ್ಣಬೇಕಾಯಿತು.

ಉಣ್ಣುವುದು ಅಂದ ಮೇಲೆ ಉಪ್ಪಿಟ್ಟಿನ ವಿಷಯ ಹೇಳಲೇಬೇಕು. ಅರವತ್ಮೂರು ವರ್ಷದಲ್ಲಿ ಮುನಿಆಂಜನಪ್ಪ ಉಪ್ಪಿಟ್ಟು ಕಂಡರೆ ಮಾರು ದೂರ ಓಡುತ್ತಿದ್ದವನು. ಆಸ್ಪತ್ರೆಯಿಂದ ಬಂದ ಮೊದಲ ದಿನ ಅಣ್ಣಮ್ಮ, “ಮೆತ್ತಗಿರುತ್ತೆ, ಉಪ್ಪಿಟ್ಟು ಮಾಡ್ಲಾ?” ಅಂತ ಕೇಳಿದಳು. ಆಯ್ತು ಅಂದ. ಅಂದಿನಿಂದ ಎಂಟು ತಿಂಗಳು ದಿನಾ ಬೆಳಿಗ್ಗೆ ಉಪ್ಪಿಟ್ಟು. ತಟ್ಟೆ ತಳ್ಳಿದರೆ ಬಿ.ಪಿ. ಏರಿದೆ ಅಂತ ಮಾತ್ರೆ ಕೊಟ್ಟು, ಮತ್ತೆ ಅದೇ ತಟ್ಟೆ ಮುಂದಿಡುತ್ತಿದ್ದರು.

ಮೊದಲೇನೂ ಅವನು ಸಾಧು ಮನುಷ್ಯನಲ್ಲ. ಕಮ್ಮನಹಳ್ಳಿಯ ಹಳೇ ಊರಿನ ಬೀದಿಯಲ್ಲಿ ಅವನ ಗಂಟಲಿಗೆ ಹೆದರದವರಿರಲಿಲ್ಲ. ಬಾಡಿಗೆಯವರು ನೀರು ಪೋಲು ಮಾಡಿದರೆ ಬೈಗುಳ, ಗೇಟಿಗೆ ಅಡ್ಡ ಬೈಕು ನಿಲ್ಲಿಸಿದರೆ ಬೈಗುಳ. ಅಂಥವನು ಎಲ್ಲಕ್ಕೂ ಆಯ್ತು ಅನ್ನತೊಡಗಿದ್ದು ಬೀದಿಗೆಲ್ಲ ಹಿತವಾಯಿತು. “ಪಾಪ, ಈಗ ಎಷ್ಟು ಒಳ್ಳೇವ್ರಾಗ್ಬುಟ್ರು,” ಅಂದರು ಎದುರು ಮನೆಯ ಪಟಾಲಮ್ಮ. ಯಾರೋ ಆಯ್ತಪ್ಪ ಅಂತ ಹೆಸರೂ ಇಟ್ಟರು. ಅದು ಅವನ ಕಿವಿಗೂ ಬಿತ್ತು. ಒಳಗೊಳಗೇ ಅವನಿಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಆಯ್ತು ಅಂದರೆ ಒಪ್ಪಿಗೆಯೂ ಹೌದು, ಮುಗೀತು ಅನ್ನುವುದೂ ಹೌದು. ಜನ ತನ್ನನ್ನು ಎರಡನೆಯ ಅರ್ಥದಲ್ಲೇ ಕರೆಯುತ್ತಿದ್ದಾರೆಂದು ಅವನಿಗೆ ಅನುಮಾನವಿತ್ತು.

ಮನೆಯ ಹಿಂದೆ ಎಂಟು ಗುಂಟೆ ಜಾಗವಿತ್ತು. ಮೂರು ಕಡೆ ಅಪಾರ್ಟ್‌ಮೆಂಟು, ನಡುವೆ ಒಂದು ಬಾವಿ, ಬಾವಿಯ ಸುತ್ತ ದಂಟು, ಮೆಂತ್ಯ, ಪುದೀನ, ಕೊತ್ತಂಬರಿಯ ಮಡಿಗಳು. ಅಪ್ಪನ ಕಾಲದಲ್ಲಿ ನಾಲ್ಕು ಎಕರೆ ಇದ್ದದ್ದರಲ್ಲಿ ಉಳಿದದ್ದು ಅಷ್ಟೇ. ಮಡಿ ಅಣ್ಣಮ್ಮನದು, ಮಾರ್ಕೆಟ್ಟು ಮುನಿಆಂಜನಪ್ಪನದು. ನಲವತ್ತು ವರ್ಷ ಅವನು ಬೆಳಗಾಗುವ ಮೊದಲೇ ಶಿವಾಜಿನಗರದ ಮಾರ್ಕೆಟ್ಟಿನ ಮೂಲೆಯಲ್ಲಿ ಗೋಣಿತಾಟು ಹಾಸಿ ಸೊಪ್ಪು ಮಾರಿದ್ದ. ಬಾಡಿಗೆ ಮನೆಗಳು ಎದ್ದ ಮೇಲೂ ಬಿಟ್ಟಿರಲಿಲ್ಲ. ಈಗ ಕೋಲೂರಿಕೊಂಡು ಹಿತ್ತಲಿಗೆ ಹೋಗಿ, ಬಾವಿಕಟ್ಟೆಯ ಮೇಲೆ ಕೂತು, ಎಡಗೈಯಲ್ಲಿ ಕಳೆ ಕೀಳುತ್ತಿದ್ದ. ಒಂದೇ ಕೈಯಲ್ಲಿ, ಹಲ್ಲಿನಿಂದ ದಾರ ಹಿಡಿದು, ಸೊಪ್ಪಿನ ಕಟ್ಟು ಕಟ್ಟುವುದನ್ನೂ ಕಲಿತಿದ್ದ. ಅಲ್ಲಿ ಯಾರೂ ಅವನನ್ನು ಏನೂ ಕೇಳುತ್ತಿರಲಿಲ್ಲ. ಇಡೀ ದಿನದಲ್ಲಿ ಅವನು ಇನ್ನೂ ಬದುಕಿದ್ದೇನೆ ಅಂದುಕೊಳ್ಳುತ್ತಿದ್ದುದು ಅಲ್ಲೊಂದೇ.

ಆ ಜಾಗವನ್ನು ಮಗ ಮುನಿರಾಜ ಕೇಳಿದ. ಮೇನ್ ರೋಡಿನ ಹೋಟೆಲಿನವರಿಗೆ ಕಾರು ನಿಲ್ಲಿಸಲು ಜಾಗ ಬೇಕಂತೆ, ಇಪ್ಪತ್ತು ವರ್ಷದ ಲೀಸಂತೆ, ಬಾವಿ ಮುಚ್ಚಿ ಕಾಂಕ್ರೀಟು ಹಾಕಿಕೊಳ್ಳುತ್ತಾರಂತೆ.

“ನಿನ್ ಕೈಲಿ ಇನ್ನೆಲ್ಲಪ್ಪ ಆಗುತ್ತೆ ಈ ಸೊಪ್ಪು ಗಿಪ್ಪು. ಕೊಟ್ಬುಡೋಣ. ಏನಂತೀಯ?”

ಬೇಡ ಕಣೋ, ಅಂತ ಮುನಿಆಂಜನಪ್ಪ ಹೇಳಿದ. “ಆಯ್ತು,” ಅಂತ ಹೊರಗೆ ಬಂತು.

“ನೋಡ್ದೇನಮ್ಮಾ, ಅಪ್ಪನೇ ಆಯ್ತು ಅಂದ್ರು,” ಅಂದ ಮುನಿರಾಜ ಖುಷಿಯಿಂದ.

ಮುನಿಆಂಜನಪ್ಪ ಎಡಗೈಯಿಂದ ಮಂಚ ಗುದ್ದಿದ. “ಆಯ್ತು! ಆಯ್ತು!” ಎಷ್ಟು ಗುದ್ದಿದರೂ ಅದೇ. ಅವಸರ ಬೇಡಪ್ಪ, ಆಷಾಢ ಕಳೀಲಿ, ಆಮೇಲೆ ರಿಜಿಸ್ಟ್ರಿ ಮಾಡಿಸೋಣ, ಅಂತ ಮಗ ಅವನಿಗೇ ಸಮಾಧಾನ ಹೇಳಿದ. ಆಷಾಢದಲ್ಲಿ ಪತ್ರ ಬರೆಸುವ ಪದ್ಧತಿ ಆ ಮನೆಯಲ್ಲಿಲ್ಲ. ಶ್ರಾವಣದ ಮೊದಲ ಸೋಮವಾರ ಅಂತ ನಿಗದಿಯಾಯಿತು.

ಮಗ ಕೆಟ್ಟವನಾಗಿದ್ದರೆ ಎಷ್ಟೋ ಸುಲಭವಿತ್ತು. ಮುನಿರಾಜ ಮೊದಲ ಮೂರು ತಿಂಗಳು ಅಪ್ಪನನ್ನು ತಾನೇ ಎತ್ತಿ ಸ್ನಾನ ಮಾಡಿಸಿದ್ದ, ಗಡ್ಡ ಹೆರೆದಿದ್ದ, ಬೆಡ್‌ಪ್ಯಾನು ತೊಳೆದಿದ್ದ. ಅವನ ತಪ್ಪು ಒಂದೇ. ತನಗೆ ಬೇಕಾದ ಉತ್ತರ ಬಂದ ಕೂಡಲೇ ಕೇಳುವುದನ್ನು ನಿಲ್ಲಿಸಿಬಿಡುತ್ತಿದ್ದ. ಅದು ಯಾರ ಮನೆಯಲ್ಲಿಲ್ಲ ಹೇಳಿ.

ಒಂದು ತಿಂಗಳು. ಒಂದು ಮಾತು. ಮುನಿಆಂಜನಪ್ಪ ಅಂದೇ ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡ. ಬೇಡ ಅನ್ನುವುದನ್ನು ಕಲಿಯದೆ ಶ್ರಾವಣ ಕಾಣುವುದಿಲ್ಲ.

ಆಸ್ಪತ್ರೆಯಲ್ಲಿ ಮಾತು ಕಲಿಸುವ ಹುಡುಗಿ ಆಶ್ರಿತಾ ಹಿಂದಿನ ಸಲ ಒಂದು ಚೀಟಿ ಕೊಟ್ಟಿದ್ದಳು. “ಹದಿನೈದು ದಿನಕ್ಕೊಂದ್ಸಲ ನನ್ನ ಹತ್ರ ಬಂದ್ರೆ ಸಾಲದು ಅಂಕಲ್. ಕಾಕ್ಸ್ ಟೌನ್ ಚರ್ಚ್ ಹಾಲಲ್ಲಿ ಶನಿವಾರ ಶನಿವಾರ ನಿಮ್ಮಂಥೋರೇ ಸೇರ್ತಾರೆ, ಹೋಗಿ. ಹೊಸ ಮಾತು ಕಲಿಯೋದಲ್ಲ, ಬಾಯಿಗೆ ಮೊದಲೇ ಅಭ್ಯಾಸ ಇರೋದನ್ನ ಹುಡುಕ್ಬೇಕು,” ಅಂದಿದ್ದಳು. ಅಣ್ಣಮ್ಮ ಆ ಚೀಟಿಯನ್ನು ಸಾಸಿವೆ ಡಬ್ಬಿಯಲ್ಲಿಟ್ಟು ಮರೆತಿದ್ದಳು. ಶನಿವಾರ ಬೆಳಿಗ್ಗೆ ಗಂಡ ಅಡುಗೆಮನೆಗೆ ಹೋಗಿ, ಡಬ್ಬಿ ಬೋರಲು ಹಾಕಿ, ಸಾಸಿವೆಯನ್ನೆಲ್ಲ ಚೆಲ್ಲಿ, ಚೀಟಿಯನ್ನು ಅವಳ ಮುಖದ ಮುಂದೆ ಹಿಡಿದ. ಆಟೋ ಹತ್ತದೆ ಅವಳಿಗೆ ಬೇರೆ ದಾರಿ ಉಳಿಯಲಿಲ್ಲ.

ಚರ್ಚಿನ ಹಾಲಿನಲ್ಲಿ ಎಂಟು ಪ್ಲಾಸ್ಟಿಕ್ ಕುರ್ಚಿ ದುಂಡಗೆ ಹಾಕಿದ್ದವು. ಜೊತೆಗೆ ಬಂದವರಿಗೆ ಹಿಂದೆ ಗೋಡೆಯ ಪಕ್ಕ ಬೆಂಚು. ನಡೆಸುತ್ತಿದ್ದವರು ಮಧುಕರ್, ಇನ್ಶೂರೆನ್ಸ್ ಆಫೀಸಿನಲ್ಲಿ ಮೂವತ್ತು ವರ್ಷ ದುಡಿದವರು, ಐದು ವರ್ಷದ ಹಿಂದೆ ಅವರಿಗೂ ಸ್ಟ್ರೋಕ್ ಆಗಿ, ಈಗ ಮಾತಿನ ನಡುನಡುವೆ ನಿಂತು ನಿಂತು ಹೋಗುತ್ತಿದ್ದರು.

“ಇಲ್ಲಿ... ಎರಡೇ ರೂಲು,” ಅಂದರು. “ಒಬ್ಬರ ಮಾತನ್ನ... ಇನ್ನೊಬ್ಬರು ಮುಗಿಸೋ ಹಾಗಿಲ್ಲ. ಎರಡು ನಿಮಿಷ... ಕಾಯಬೇಕು.” ಆಮೇಲೆ ಬೆಂಚಿನ ಕಡೆ ತಿರುಗಿ, “ನೀವು... ಬಾಯಿ ಬಿಡೋ ಹಾಗಿಲ್ಲಮ್ಮ,” ಅಂದರು. ಅಣ್ಣಮ್ಮ ಸೆರಗು ಬಾಯಿಗಿಟ್ಟುಕೊಂಡಳು.

ಟೀ ಬಂತು. “ಟೀ ಬೇಕಾ?” ಅಂತ ಕೇಳಿದರು ಮಧುಕರ್.

“ಆಯ್ತು.”

ಮನೆಯಲ್ಲಾಗಿದ್ದರೆ ಅಷ್ಟೊತ್ತಿಗೆ ಲೋಟ ಕೈಯಲ್ಲಿರುತ್ತಿತ್ತು. ಮಧುಕರ್ ಕೊಡಲಿಲ್ಲ. “ಟೀ... ಬೇಡ್ವಾ?” ಅಂದರು.

“ಆಯ್ತು.”

“ನೋಡಿದ್ರಾ?” ಅಂದರು ಎಲ್ಲರಿಗೂ. “ಇವರ ಆಯ್ತು... ಹೂಂ ಅಲ್ಲ. ಊಹೂಂ ಕೂಡ ಅಲ್ಲ. ಅದು... ಕೆಮ್ಮು. ಬರುತ್ತೆ... ಅಷ್ಟೆ.” ಒಂದು ಲೋಟ ಟೀ, ಒಂದು ಲೋಟ ಬಿಸಿನೀರು ತಂದು ಅವನ ಮುಂದಿಟ್ಟು, ಗೋಡೆಯ ಗಡಿಯಾರ ನೋಡುತ್ತ ಸುಮ್ಮನೆ ಕೂತರು. ಎಂಟೂ ಜನ ಸುಮ್ಮನೆ ಕೂತರು. ಮುನಿಆಂಜನಪ್ಪ ನಿಧಾನವಾಗಿ ಎಡಗೈ ಚಾಚಿ ಬಿಸಿನೀರಿನ ಲೋಟ ಹಿಡಿದ. ಹಿಡಿದವನಿಗೆ ಕುಡಿಯಲು ಆಗಲಿಲ್ಲ. ಅಷ್ಟು ಜನರ ಮುಂದೆ ಗಳಗಳ ಅತ್ತುಬಿಟ್ಟ. ಎಂಟು ತಿಂಗಳಲ್ಲಿ ಅವನ ಆಯ್ತುವನ್ನು ನಂಬದೆ ಅವನನ್ನು ನಂಬಿದವರು ಇವರೇ ಮೊದಲು.

ವಾಪಸ್ ಬರುವಾಗ ಆಟೋದಲ್ಲಿ ಅಣ್ಣಮ್ಮ ಸಣ್ಣ ದನಿಯಲ್ಲಿ, “ಉಪ್ಪಿಟ್ಟು?” ಅಂದಳು. ಅವನು ಅವಳ ಕಡೆ ನೋಡಿದ ನೋಟಕ್ಕೆ ಬೇರೆ ಉತ್ತರ ಬೇಕಿರಲಿಲ್ಲ. “ಅಯ್ಯೋ ಶಿವನೇ,” ಅಂತ ಹಣೆ ಚಚ್ಚಿಕೊಂಡಳು. ಮತ್ತೆ ಸ್ವಲ್ಪ ದೂರ ಹೋದ ಮೇಲೆ, “ಹಿತ್ತಲ ಜಾಗ?” ಅಂದಳು. ಅವನು ಅವಳ ಮಣಿಕಟ್ಟನ್ನು ಬಳೆ ಒತ್ತಿ ನೋಯುವಷ್ಟು ಗಟ್ಟಿಯಾಗಿ ಹಿಡಿದ.

“ನಾನ್ ಹೇಳಿದ್ರೆ, ನಿನಗೇನಮ್ಮ ಗೊತ್ತು ಅಂತಾನೆ ಅವನು. ನಿಮ್ ಬಾಯಲ್ಲೇ ಬರ್ಬೇಕು ಕಣ್ರೀ,” ಅಂದಳು ಅಣ್ಣಮ್ಮ.

ಅಂದಿನಿಂದ ಬಾವಿಕಟ್ಟೆಯೇ ಅವನ ಪಾಠಶಾಲೆ. ಆಷಾಢದ ಗಾಳಿಗೆ ದಂಟಿನ ಸೊಪ್ಪು ಮಲಗಿ ಮಲಗಿ ಏಳುತ್ತಿತ್ತು. ಅವನು ತುಟಿ ಒತ್ತಿ ಹಿಡಿದು, “ಬ್... ಬ್...” ಅನ್ನುತ್ತಿದ್ದ. ತುಟಿ ಬಿಟ್ಟರೆ ಆಯ್ತು. ದಿನಕ್ಕೆ ನೂರು ಸಲ, ಇನ್ನೂರು ಸಲ. ದವಡೆ ನೋಯುತ್ತಿತ್ತು, ಜೊಲ್ಲು ಸುರಿಯುತ್ತಿತ್ತು, ಅಪಾರ್ಟ್‌ಮೆಂಟಿನ ಬಾಲ್ಕನಿಗಳಿಂದ ಜನ ಇಣುಕುತ್ತಿದ್ದರು. ನೋಡಲಿ ಬಿಡು ಅಂದುಕೊಂಡ. ಎರಡನೇ ಶನಿವಾರವೂ ಕಳೆಯಿತು. ಬೇಡ ಬರಲಿಲ್ಲ. ಆದರೆ ಅಣ್ಣಮ್ಮ ಮನೆಯಲ್ಲಿ ಎಲ್ಲವನ್ನೂ ಎರಡು ಸಲ ಕೇಳತೊಡಗಿದಳು, ಸೀದಾ ಒಂದು ಸಲ, ತಿರುಗಿಸಿ ಒಂದು ಸಲ. “ಏನಮ್ಮಾ, ಒಳ್ಳೆ ಕೋರ್ಟಲ್ಲಿ ಕೇಳ್ದಂಗೆ ಕೇಳ್ತೀಯ,” ಅಂತ ಮುನಿರಾಜ ನಗುತ್ತಿದ್ದ.

ಮೂರನೇ ಶನಿವಾರ ಹಾಲಿಗೆ ನೂರ್ಜಹಾನ್ ಬಂದರು. ಶಿವಾಜಿನಗರದಲ್ಲಿ ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸುತ್ತಿದ್ದವರು. ಲಕ್ವ ಹೊಡೆದಾಗ ಅವರ ಕನ್ನಡ ಅರ್ಧ ಹೋಗಿ, ಮನೆಯ ದಖ್ಖನಿ ಮಾತ್ರ ಪೂರಾ ಉಳಿದಿತ್ತು. ಹಬ್ಬಕ್ಕೆ ಊರಿಗೆ ಹೋಗಿದ್ದರಿಂದ ಹಿಂದಿನ ಎರಡು ವಾರ ಬಂದಿರಲಿಲ್ಲ. ಕುರ್ಚಿಯಲ್ಲಿ ಕೂತವರೇ ಮುನಿಆಂಜನಪ್ಪನನ್ನು ದಿಟ್ಟಿಸಿ ನೋಡಿದರು.

“ಅರೇ! ಸೊಪ್ಪಣ್ಣ! ಮಾರ್ಕೆಟ್ ಮೇ... ಮೂಲೇಲಿ... ಇಪ್ಪತ್ ವರ್ಷ ತಗೊಂಡೆ ನಿನ್ ಹತ್ರ. ಒಂದ್ ದಿನ... ಒಂದ್ ಕಟ್ಟು ಜಾಸ್ತಿ ಕೊಟ್ಟಿಲ್ಲ!”

ಅವನಿಗೂ ಗುರುತು ಸಿಕ್ಕಿತು. ಚೌಕಾಸಿಯಲ್ಲಿ ಇಡೀ ಮಾರ್ಕೆಟ್ಟಿಗೇ ಹೆಸರುವಾಸಿ ಹೆಂಗಸು. ಅವನ ಮುಖ ಅರಳಿತು. “ಆಯ್ತು, ಆಯ್ತು,” ಅಂದ. ನೂರ್ಜಹಾನ್ ಆ ಆಯ್ತುವಿನಲ್ಲೇನೂ ಸಿಗಲಾರದೆಂದು ಕಂಡುಕೊಂಡು, ತಮ್ಮ ಚೀಲಕ್ಕೆ ಕೈ ಹಾಕಿದರು. ದಾರಿಯಲ್ಲಿ ಕೊಂಡ ಕೊತ್ತಂಬರಿ ಕಟ್ಟನ್ನು ತೆಗೆದು, ಅವನ ಮೂಗಿನ ಮುಂದೆ ಆಡಿಸಿ, ಮಾರ್ಕೆಟ್ಟಿನ ಗದ್ದಲದಲ್ಲಿ ಕೂಗುವ ಅದೇ ಗಂಟಲಿನಲ್ಲಿ ಕೂಗಿದರು. ಹತ್ತು ರೂಪಾಯಿಗೆ ಐದು ಕಟ್ಟು ಕೊಡು ಅಂತ.

“ದಸ್ ಕು ಪಾಂಚ್ ದೇವ್!”

“ನಕ್ಕೋ!”

ಹಾಲಿನಲ್ಲಿ ಎಲ್ಲರೂ ತಿರುಗಿ ನೋಡಿದರು. ಯಾರು ಅಂದದ್ದೆಂದು ಮುನಿಆಂಜನಪ್ಪನೂ ಒಂದು ಗಳಿಗೆ ಸುತ್ತ ನೋಡಿದ. ಅಂದವನು ಅವನೇ.

ಬೆಂಚಿನ ಮೇಲೆ ಅಣ್ಣಮ್ಮ ರೂಲು ಗೀಲು ಮರೆತು ಎದ್ದು ನಿಂತಳು. “ನಕ್ಕೋ ಅಂದ್ರು! ನಮ್ ಯಜಮಾನ್ರು ನನ್ನ ನಗು ಅಂದ್ರು! ಎಂಟು ತಿಂಗ್ಳಿಂದ ಅಳ್ತಾ ಇದೀನಿ ಅಂತ ನಕ್ಕೋ ಅಂದ್ರು!” ಅನ್ನುತ್ತ ನಕ್ಕಳು, ನಗುತ್ತಲೇ ಅತ್ತಳು. ಆ ಮಾತನ್ನು ಅವಳು ಬೀದಿಯಲ್ಲಿ ಕೇಳಿರಲಿಲ್ಲ ಅಂತಲ್ಲ. ತನ್ನ ಗಂಡನ ಬಾಯಿಂದ ಕನ್ನಡವಲ್ಲದೆ ಬೇರೆ ಬಂದೀತೆಂದು ಅವಳಿಗೆ ಹೊಳೆಯಲೇ ಇಲ್ಲ.

“ನಗೋದು ನೈ ಅಮ್ಮಾ,” ಅಂದರು ನೂರ್ಜಹಾನ್. “ನಕ್ಕೋ ಅಂದ್ರೆ... ಬೇಡ. ಬ್ಯಾಡ ಅಂತ!”

ನಲವತ್ತು ವರ್ಷ ಅವನು ದಿನಕ್ಕೆ ನೂರು ಸಲ ಅಂದ ಮಾತು ಅದು. ಬೇಡ ಅನ್ನುವುದು ಮನೆಯಲ್ಲಿ, ಅದೂ ಅಪರೂಪಕ್ಕೆ. ಶಿವಾಜಿನಗರದಲ್ಲಿ ಸೊಪ್ಪು ಮಾರುವವನಿಗೆ ನಕ್ಕೋ ಉಸಿರಿನಷ್ಟು ಸಲೀಸು. ಮುನಿರಾಜ ಆರು ವರ್ಷದವನಿದ್ದಾಗ ಶಾಲೆ ಇಲ್ಲದ ದಿನ ಸೊಪ್ಪಿನ ಮೂಟೆಯ ಮೇಲೆ ಕೂತು, ಅಪ್ಪನ ಹಾಗೇ ಕೈ ಬೀಸಿ ‘ನಕ್ಕೋ ನಕ್ಕೋ’ ಅನ್ನುತ್ತಿದ್ದ. ಒಂದು ಸಲ ಮಗ್ಗಿ ಹೇಳು ಅಂದ ಮೇಷ್ಟ್ರಿಗೂ ನಕ್ಕೋ ಅಂದು ಕಿವಿ ಹಿಂಡಿಸಿಕೊಂಡು ಬಂದಿದ್ದ. ಅಪ್ಪ ಮಗ ಇಬ್ಬರೂ ಅದನ್ನು ಹೇಳಿಕೊಂಡು ವರ್ಷಗಟ್ಟಲೆ ನಕ್ಕಿದ್ದರು.

ಮರುದಿನ ಬೆಳಿಗ್ಗೆ ಅಣ್ಣಮ್ಮ ಬೇಕೆಂದೇ ಉಪ್ಪಿಟ್ಟು ಮಾಡಿದಳು. ತಟ್ಟೆ ಮುಂದೆ ಹಿಡಿದು, ಆಚೀಚೆ ಯಾರೂ ಇಲ್ಲವೆಂದು ನೋಡಿಕೊಂಡು, ನೂರ್ಜಹಾನ್ ಹೇಳಿಕೊಟ್ಟಿದ್ದನ್ನು ಗಟ್ಟಿಯಾಗಿ ಒಪ್ಪಿಸಿದಳು. “ದಸ್ಸು ಕೂ ಪಾಂಚೂ ದೇವು!”

“ನಕ್ಕೋ!”

ಅವತ್ತು ದೋಸೆ. ಅಷ್ಟು ರುಚಿಯಾದ ದೋಸೆಯನ್ನು ಅವನು ಹುಟ್ಟಿದಾಗಿನಿಂದ ತಿಂದಿರಲಿಲ್ಲ.

ಅದೇ ವಾರ ಗಂಡ ಹೆಂಡತಿ ಇಬ್ಬರೂ ಧೈರ್ಯ ಮಾಡಿದರು. ಅಣ್ಣಮ್ಮ ಮಗನನ್ನು ಕೂರಿಸಿಕೊಂಡು, “ಅಪ್ಪಂಗೆ ಜಾಗ ಕೊಡೋದು ಇಷ್ಟ ಇಲ್ಲ ಕಣಪ್ಪ. ನೀನೇ ಕೇಳು,” ಅಂದಳು.

ಮುನಿರಾಜನ ಕೈಯಲ್ಲಿ ಬೈಕಿನ ಕೀ, ಕಿವಿಯಲ್ಲಿ ಯಾರದೋ ಫೋನು. “ಅಪ್ಪಾ, ನಿನಗೆ ಇಷ್ಟ ಇಲ್ವಾ? ಹೇಳು, ಬೇಗ ಹೇಳು, ಹೋಟೆಲಿನವ್ರು ಲೈನಲ್ಲವ್ರೆ.” ಮುಖ ತೀರಾ ಹತ್ತಿರ ತಂದಿದ್ದ. ಆ ಮುಖದಲ್ಲಿ ಆಸೆಯಿತ್ತು, ದಣಿವಿತ್ತು, ಮೂರು ತಿಂಗಳು ತನ್ನನ್ನು ಎತ್ತಿ ಇಳಿಸಿದ ಹುಡುಗನೂ ಇದ್ದ. ಅದಕ್ಕೆ ಎದುರಾಡಲು ಮುನಿಆಂಜನಪ್ಪನ ಜೀವ ಒಪ್ಪಲಿಲ್ಲ, ನಾಲಗೆಯಂತೂ ಮೊದಲೇ ಅವನ ಮಾತು ಕೇಳುವುದಲ್ಲ.

“ಆಯ್ತು,” ಅಂದ.

“ನೋಡಮ್ಮಾ,” ಅಂತ ಹೇಳಿ ಮುನಿರಾಜ ಫೋನು ಹಿಡಿದು ಹೊರಟೇಹೋದ. ಮುನಿಆಂಜನಪ್ಪ ಕೋಲನ್ನು ಗೋಡೆಗೆ ಎಸೆದ. ಆಮೇಲೆ ಅಣ್ಣಮ್ಮ ಎತ್ತಿಕೊಟ್ಟ ಕೋಲನ್ನೇ ಊರಿಕೊಂಡು ಹಿತ್ತಲಿಗೆ ಹೋಗಿ, ಕತ್ತಲಾಗುವವರೆಗೆ ಪುದೀನದ ಮಡಿಗೆ ನಕ್ಕೋ ಅಂದ, ಬಾವಿಗೆ ನಕ್ಕೋ ಅಂದ. ಗಿಡಗಳ ಮುಂದೆ ಎಷ್ಟು ಬೇಕಾದರೂ ಬರುತ್ತಿತ್ತು.

ಆಷಾಢದ ಕೊನೆಯ ಶನಿವಾರ ಅಣ್ಣಮ್ಮ ಹಾಲಿನಲ್ಲಿ ಎಲ್ಲವನ್ನೂ ಹೇಳಿದಳು. ಮಧುಕರ್ ಪೂರ್ತಿ ಕೇಳಿ, “ಮಗನ ಮುಂದೆ... ಕಷ್ಟ,” ಅಂದರು. “ಆದರೆ ರಿಜಿಸ್ಟ್ರಿ ಆಫೀಸಲ್ಲಿ ಕೇಳೋರು... ಅಧಿಕಾರಿ. ನಿಮ್ಮನ್ನ ಕೇಳದೆ... ಬರೆಸ್ಕೊಳ್ಳೋಕೆ ಆಗಲ್ಲ. ಎರಡು ನಿಮಿಷ... ಕೇಳಿ ತಗೊಳ್ಳಿ.” ಜೇಬಿನಿಂದ ಒಂದು ಕಾರ್ಡು ತೆಗೆದರು. ಹಾಲಿಗೆ ಬರುವವರೆಲ್ಲರ ಬಳಿಯೂ ಅಂಥದೊಂದು ಇರುತ್ತಿತ್ತು. ‘ನನಗೆ ಸ್ಟ್ರೋಕ್ ಆಗಿದೆ. ನಿಮ್ಮ ಮಾತು ನನಗೆ ಅರ್ಥವಾಗುತ್ತದೆ. ಉತ್ತರ ಹೇಳಲು ಎರಡು ನಿಮಿಷ ಕೊಡಿ,’ ಅಂತ ಅಚ್ಚಾಗಿತ್ತು. ಅದರ ಕೆಳಗೆ ಮಧುಕರ್ ತಮ್ಮ ಎಡಗೈಯಿಂದ ಒಂದು ಸಾಲು ಸೇರಿಸಿದರು. ‘ನನ್ನ ಆಯ್ತು ಒಪ್ಪಿಗೆ ಅಲ್ಲ.’ ಆ ನಾಲ್ಕು ಪದಕ್ಕೆ ಅವರಿಗೆ ಐದು ನಿಮಿಷ ಹಿಡಿಯಿತು. ಎಲ್ಲರೂ ಕಾದರು.

ನೂರ್ಜಹಾನ್ ಅವತ್ತು ಹಾಲು ಮುಚ್ಚುವವರೆಗೂ ಪಕ್ಕದಲ್ಲಿ ಕೂತು ಅವನ ಜೊತೆ ಚೌಕಾಸಿ ಮಾಡಿದರು. ಗಂಟಲು ಕಟ್ಟುವವರೆಗೂ ಮಾಡಿದರು.

ಶ್ರಾವಣದ ಮೊದಲ ಸೋಮವಾರ ಬಂತು. ಸಬ್ ರಿಜಿಸ್ಟ್ರಾರ್ ಕಚೇರಿಯ ಒಳಗೆ ಪತ್ರಕ್ಕೆ ಸಂಬಂಧಪಟ್ಟವರನ್ನು ಮಾತ್ರ ಬಿಡುತ್ತಿದ್ದರು. ಅಣ್ಣಮ್ಮ ಹೊರಗೆ ಬೆಂಚಿನ ಮೇಲೆ ಉಳಿದಳು. ಹೋಟೆಲಿನವರು ಆಗಲೇ ಸಹಿ ಹಾಕಿ ಹೋಗಿದ್ದರು. ಒಳಗೆ ಮುನಿಆಂಜನಪ್ಪ, ಮುನಿರಾಜ, ಪತ್ರ ಬರೆದ ರೈಟರು. ಅಧಿಕಾರಿ ಪುತ್ತೂರಿನ ಕಡೆಯ ಹೆಂಗಸು, ಬೆಂಗಳೂರಿಗೆ ಬಂದು ಇನ್ನೂ ಮೂರು ತಿಂಗಳು.

“ಯಜಮಾನ್ರೇ, ಈ ಲೀಸು ಪತ್ರಕ್ಕೆ ನಿಮ್ಮ ಒಪ್ಪಿಗೆ ಉಂಟಾ?”

“ಆಯ್ತು,” ಅಂದ ಮುನಿಆಂಜನಪ್ಪ.

“ಕೇಳಿದ್ರಲ್ಲ ಮೇಡಂ,” ಅಂತ ಮುನಿರಾಜ ಹೆಬ್ಬೆಟ್ಟಿನ ಯಂತ್ರವನ್ನು ಅಪ್ಪನ ಕಡೆ ಸರಿಸಿದ.

ಮುನಿಆಂಜನಪ್ಪ ಎಡಗೈಯನ್ನು ಯಂತ್ರಕ್ಕೆ ಕೊಡಲಿಲ್ಲ. ಅಂಗಿಯ ಜೇಬಿಗೆ ಹಾಕಿ, ಕಾರ್ಡು ತೆಗೆದು, ಮೇಜಿನ ಮೇಲೆ ಪಟ್ಟನೆ ಬಡಿದಿಟ್ಟ. ಅಧಿಕಾರಿ ಕನ್ನಡಕ ಏರಿಸಿ ಓದಿದರು. ಕೊನೆಯ ಸಾಲನ್ನು ಎರಡು ಸಲ ಓದಿದರು. ಆಮೇಲೆ ಪೆನ್ನಿನ ಮುಚ್ಚಳ ಹಾಕಿ, “ಎರಡು ನಿಮಿಷ ಅಂತ ಉಂಟು. ಕೊಡುವ,” ಅಂದರು.

ಹಿಂದಿನ ಸಾಲಿನವರು ಗೊಣಗಿದರು. ಮುನಿಆಂಜನಪ್ಪ ಕಣ್ಣು ಮುಚ್ಚಿದ. ಮಗನ ಮುಖ ಕಾಣಬಾರದು, ಅಷ್ಟೇ. ಒದ್ದೆ ಗೋಣಿತಾಟು, ಪುದೀನದ ವಾಸನೆ, ಸುತ್ತ ಗದ್ದಲ. ಯಾರೋ ಬಂದು ಎದುರು ನಿಂತು, ನಿನ್ನ ಬಾವಿ, ನಿನ್ನ ಮಡಿ, ನಿನ್ನ ಎಂಟು ಗುಂಟೆ, ಎಲ್ಲ ಸೇರಿಸಿ ಅಗ್ಗಕ್ಕೆ ಕೊಡು ಅನ್ನುತ್ತಿದ್ದಾರೆ. ಕೊಟ್ಟುಬಿಡು, ನಿನ್ನ ಕೈಲಿ ಇನ್ನೇನಾಗುತ್ತೆ ಅನ್ನುತ್ತಿದ್ದಾರೆ.

“ನಕ್ಕೋ.”

ಮೇಜಿನ ಮೇಲಿದ್ದ ಎಡಗೈ ಮಾರ್ಕೆಟ್ಟಿನಲ್ಲಿ ಬೀಸುತ್ತಿದ್ದ ಹಾಗೇ ಬೀಸಿತು. “ನಕ್ಕೋ. ನಕ್ಕೋ!”

ಅಧಿಕಾರಿ ತಬ್ಬಿಬ್ಬಾದರು. “ನಕ್ಕೊಳ್ಳುವುದಾ? ನಾನ್ಯಾಕೆ ನಗುವುದು ಮಾರಾಯ್ರೆ?” ಅಂದರು. ಹಿಂದೆ ಯಾರೋ ಕಿಸಕ್ಕೆಂದರು. ಅಧಿಕಾರಿ ಮುನಿರಾಜನ ಕಡೆ ತಿರುಗಿ, “ನಿಮ್ಮ ತಂದೆಯವರು ಎಂತ ಹೇಳುವುದು? ನಿಮಗೆ ಗೊತ್ತಾಯ್ತಾ?” ಅಂತ ಕೇಳಿದರು.

ರೈಟರು ಶಿವಾಜಿನಗರದಲ್ಲೇ ಹುಟ್ಟಿ ಬೆಳೆದವನು. ಮುನಿರಾಜನ ಕಿವಿಗೆ ಬಗ್ಗಿ, “ಮೇಡಂಗೆ ಗೊತ್ತಾಗಿಲ್ಲ ಸಾರ್. ನಗೋದು ಅಂತಲೇ ಇರ್ಲಿ. ಖುಷಿಯಾಗವ್ರೆ ಅಂದ್ಬುಡಿ, ಮುಗೀತು,” ಅಂದ. ಮುನಿಆಂಜನಪ್ಪನ ಬಾಯಿ ಕೆಟ್ಟಿತ್ತೇ ಹೊರತು ಕಿವಿ ಚೆನ್ನಾಗಿತ್ತು.

ಅವನು ಕಣ್ಣು ತೆರೆದು ಮಗನನ್ನು ನೋಡಿದ. ಮುನಿರಾಜನ ಮುಖ ಬಿಳಿಚಿಕೊಂಡಿತ್ತು. ಅವನಿಗೆ ಗೊತ್ತು. ಮೇಷ್ಟ್ರಿಂದ ಕಿವಿ ಹಿಂಡಿಸಿಕೊಂಡು ಕಲಿತ ಮಾತು ಯಾರಾದರೂ ಮರೆಯುತ್ತಾರೆಯೇ? ಮುನಿಆಂಜನಪ್ಪನಿಗೆ ಮೇಜು ಗುದ್ದಬೇಕೆನಿಸಿತು, ಕೂಗಬೇಕೆನಿಸಿತು, ಹೇಳೋ ಹೇಳೋ ಅಂತ ಮಗನ ರಟ್ಟೆ ಹಿಡಿದು ಅಲ್ಲಾಡಿಸಬೇಕೆನಿಸಿತು. ಮಾಡಲಿಲ್ಲ. ಒಬ್ಬರ ಮಾತನ್ನು ಇನ್ನೊಬ್ಬರು ಮುಗಿಸುವ ಹಾಗಿಲ್ಲ. ಗೋಡೆಯ ಗಡಿಯಾರದ ಕಡೆ ನೋಡುತ್ತ ಕಾದ. ಈಗ ಎರಡು ನಿಮಿಷ ಬೇಕಾದದ್ದು ಮಗನಿಗೆ.

ಮುನಿರಾಜ ಬಾಯಿ ತೆರೆದು ಮುಚ್ಚಿದ. ರೈಟರನ್ನು ನೋಡಿದ, ಕಾರ್ಡಿನ ಕೊನೆಯ ಸಾಲನ್ನು ನೋಡಿದ.

“ಬೇಡ ಅಂತಾವ್ರೆ ಮೇಡಂ,” ಅಂದ. “ನಮ್ಮಪ್ಪ ಬೇಡ ಅಂತಾವ್ರೆ. ನಾನ್ ಕೇಳಿದಾಗ್ಲಿಂದ ಅದನ್ನೇ ಹೇಳ್ತಾವ್ರೆ ಅನ್ಸುತ್ತೆ.”

ಅಧಿಕಾರಿ ಕಾಗದಗಳನ್ನು ಜೋಡಿಸಿ ಹಿಂದಕ್ಕೆ ಕೊಟ್ಟು, ಮುಂದಿನವರನ್ನು ಕರೆದರು. ರೈಟರು ಮುಖ ಗಂಟು ಹಾಕಿಕೊಂಡು ಹೊರಟ. ಹೊರಗೆ ಅಣ್ಣಮ್ಮ ಬೆಂಚಿನಿಂದ ಎದ್ದು ಬಂದವಳು ಇಬ್ಬರ ಮುಖವನ್ನೂ ನೋಡಿ, ಸೆರಗನ್ನು ಬಾಯಿಗಿಟ್ಟುಕೊಂಡು ಸುಮ್ಮನೆ ನಿಂತಳು. ಮುನಿರಾಜ ಅಪ್ಪನ ಕೈಗೆ ಕೋಲು ಕೊಟ್ಟ. ತಲೆ ಎತ್ತಲಾರದೆ ನೆಲ ನೋಡುತ್ತ ಕೇಳಿದ.

“ಮನೆಗೆ ಹೋಗೋಣ್ವಾಪ್ಪ?”

“ಆಯ್ತು.”

ಮುನಿರಾಜ ಒಂದು ಹೆಜ್ಜೆ ಇಟ್ಟವನು ನಿಂತ. ಹಿಂದಕ್ಕೆ ತಿರುಗಿ, ಅಪ್ಪನ ಮುಖವನ್ನು ನೇರವಾಗಿ ನೋಡಿ, ನಿಧಾನವಾಗಿ ಇನ್ನೊಂದು ಸಲ ಕೇಳಿದ.

“ಇಲ್ಲೇ ಇರೋಣ್ವಾ?”

ಕೇಳಿ, ಬಾಯಿ ಮುಚ್ಚಿಕೊಂಡು ಕಾದ.

“ನಕ್ಕೋ,” ಅಂದ ಮುನಿಆಂಜನಪ್ಪ, ಮಗನ ಕಣ್ಣಲ್ಲಿ ಕಣ್ಣಿಟ್ಟು.